ಮೂರನೆಯ ಭಾನುವಾರದ ಮೊದಲು

ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜ್ ಬುದ್ಧಿಭ್ರಮಣೆಗೆ ಒಳಗಾಗಿ, ಅವನ ಪರವಾಗಿ ಮಗ ರಾಜ್ಯಭಾರ ನಡೆಸಿದ 1811ರಿಂದ 1820ರವರೆಗಿನ ಅವಧಿಯನ್ನು ರೀಜೆನ್ಸಿ ಕಾಲ ಎನ್ನುತ್ತಾರೆ. ಆ ಕಾಲದ ಪ್ರೇಮಕಥೆಗಳನ್ನು ವರ್ಷಗಟ್ಟಲೆ ಪ್ರೀತಿಯಿಂದ ಓದಿದ ಮೇಲೆ ಅಂಥದೊಂದು ಕಾದಂಬರಿಯನ್ನು ನೇರವಾಗಿ ಕನ್ನಡದಲ್ಲಿಯೇ ಬರೆಯಬೇಕೆಂಬ ಆಸೆ ನನಗೆ ಹುಟ್ಟಿತು. ಮದುವೆಯಾಗದ ತಾಯಿಗೆ ಹುಟ್ಟಿದ ಹ್ಯಾನಾ ಎಂಬ ಹತ್ತೊಂಬತ್ತರ ಹುಡುಗಿ, ಯುದ್ಧದಲ್ಲಿ ಮಡಿದ ಕ್ಯಾಪ್ಟನ್ ಒಬ್ಬನ ಮಗಳೆಂದು ಹೇಳಿಕೊಂಡು 1816ರ ಬೇಸಿಗೆಯಲ್ಲಿ ಬಾತ್ ನಗರಕ್ಕೆ ಬರುತ್ತಾಳೆ. ವಂಶಪಾರಂಪರ್ಯವಾಗಿ ಬರುವ ಬ್ಯಾರನೆಟ್ ಎಂಬ ಬಿರುದುಳ್ಳ ಮನೆತನದ ಹಿರಿಯ ಮಗ ಅವಳನ್ನು ಮೆಚ್ಚುತ್ತಾನೆ. ಇಷ್ಟನ್ನು ಇಟ್ಟುಕೊಂಡು ಎಂಟು ತಿಂಗಳಲ್ಲಿ ಮೊದಲ ಕರಡು ಮುಗಿಸಿದೆ. ಅದರಲ್ಲಿ ಜೀವವಿರಲಿಲ್ಲ.

ಗುಟ್ಟು ಬಯಲಾದರೆ ಹ್ಯಾನಾಳಿಗೆ ಅವಮಾನವಾಗುತ್ತದೆ ಎಂಬುದಷ್ಟೇ ಆಗ ನನಗೆ ಗೊತ್ತಿತ್ತು. ಅವಳು ನಿಜವಾಗಿ ಏನನ್ನು ಕಳೆದುಕೊಳ್ಳುತ್ತಾಳೆ, ಯಾವ ಕಾಗದ ಅದನ್ನು ಅವಳಿಂದ ಕಿತ್ತುಕೊಳ್ಳುತ್ತದೆ ಎಂದು ನಾನು ಕೇಳಿಕೊಂಡೇ ಇರಲಿಲ್ಲ. ಕೊನೆಯ ಅಧ್ಯಾಯದಲ್ಲಿ ಹ್ಯಾನಾಳ ತಂದೆ ಸಾಯುವ ಹಾಸಿಗೆಯಲ್ಲಿ ಅವಳ ತಾಯಿಯನ್ನು ಮದುವೆಯಾಗಿ ಎಲ್ಲವನ್ನೂ ಸರಿಪಡಿಸುವಂತೆ ಬರೆದಿದ್ದೆ. ಕಾನೂನು ಓದಿದ ಗೆಳತಿಯೊಬ್ಬಳು ಕರಡನ್ನು ಓದಿ, ಇದು ಸ್ಕಾಟ್ಲೆಂಡಿನಲ್ಲಿ ನಡೆಯುತ್ತಿತ್ತೇ ಹೊರತು ಇಂಗ್ಲೆಂಡಿನಲ್ಲಿ ಅಲ್ಲ ಎಂದಳು. ಅವಳ ಮಾತು ನಿಜ. ತಂದೆತಾಯಿ ಆಮೇಲೆ ಮದುವೆಯಾದರೂ ಮೊದಲೇ ಹುಟ್ಟಿದ ಮಗುವಿಗೆ ಇಂಗ್ಲೆಂಡಿನಲ್ಲಿ ಕಾನೂನಿನ ಮಾನ್ಯತೆ ಸಿಗುವಂತಾಗಲು 1926ರ ಕಾಯ್ದೆಯೇ ಬರಬೇಕಾಯಿತು. ಅಂದಿನ ಕಾನೂನಿನಲ್ಲಿ ಅಂಥ ಮಗು ಉತ್ತರಾಧಿಕಾರದ ಮಟ್ಟಿಗೆ ಯಾರ ಮಗುವೂ ಅಲ್ಲ. ತಂದೆ ಉಯಿಲಿನಲ್ಲಿ 'ನನ್ನ ಮಕ್ಕಳಿಗೆ' ಎಂದು ಬರೆದರೆ ಆ ಪದದೊಳಗೆ ಅವಳು ಸಾಮಾನ್ಯವಾಗಿ ಸೇರುತ್ತಿರಲಿಲ್ಲ. ಹೆಸರು ಹಿಡಿದು ಬರೆದರೆ ಮಾತ್ರ ಹಣ ದಕ್ಕುತ್ತಿತ್ತು. ಕೊನೆಯ ಅಧ್ಯಾಯವನ್ನು ಪೂರ್ತಿಯಾಗಿ ತೆಗೆದುಹಾಕಿ, ಈ ಒಂದು ಪದವನ್ನು ಕಥೆಯ ಮೊದಲ ಪುಟಕ್ಕೆ ತಂದೆ. ಪ್ರೀತಿಯ ತಂದೆ ಅಜಾಗರೂಕತೆಯಿಂದ 'ಮಕ್ಕಳಿಗೆ' ಎಂದು ಬರೆದು ತೀರಿಕೊಂಡಿದ್ದಾನೆ, ಹ್ಯಾನಾ ಬರಿಗೈಯಲ್ಲಿ ನಿಂತಿದ್ದಾಳೆ. ಅವಳು ಏಕೆ ಸುಳ್ಳು ಹೇಳಿದಳೆಂದು ಇನ್ನು ಬೇರೆಯಾಗಿ ವಿವರಿಸಬೇಕಾಗಲಿಲ್ಲ.

ಆದರೆ ಕಾದಂಬರಿಗೆ ಉಸಿರು ಬಂದದ್ದು ಮದುವೆಯ ಕಾನೂನನ್ನು ಓದಿದಾಗ. 1753ರ ಕಾಯ್ದೆಯ ಪ್ರಕಾರ ಮದುವೆಗೆ ಎರಡು ದಾರಿಗಳಿದ್ದವು: ಆಕ್ಷೇಪವಿದ್ದವರು ಹೇಳಲೆಂದು ಚರ್ಚಿನಲ್ಲಿ ಮೂರು ಭಾನುವಾರ ಗಂಡುಹೆಣ್ಣಿನ ಹೆಸರು ಕೂಗಿಸುವುದು, ಇಲ್ಲವೇ ಲೈಸೆನ್ಸ್ ಪಡೆಯುವುದು. ಉಳ್ಳವರು ಲೈಸೆನ್ಸನ್ನೇ ಬಯಸುತ್ತಿದ್ದರು. ತಮ್ಮ ಹೆಸರನ್ನು ಊರಿನ ಆಳುಕಾಳುಗಳ ಮುಂದೆ ಕೂಗಿಸುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಆದರೆ ಲೈಸೆನ್ಸಿಗೆ ಪ್ರಮಾಣ ಮಾಡಬೇಕು, ಇಪ್ಪತ್ತೊಂದು ತುಂಬದವರಿಗೆ ತಂದೆಯ ಅಥವಾ ಪೋಷಕರ ಒಪ್ಪಿಗೆ ಬೇಕು. ಮದುವೆಯಾಚೆ ಹುಟ್ಟಿದ ಹುಡುಗಿಯ ವಿಷಯದಲ್ಲಿ ಹೆತ್ತ ತಾಯಿಯ ಒಪ್ಪಿಗೆಯೂ ಸಾಲದು, ಚಾನ್ಸರಿ ನ್ಯಾಯಾಲಯ ನೇಮಿಸಿದ ಪೋಷಕರೇ ಒಪ್ಪಬೇಕೆಂದು 1799ರಲ್ಲಿ ಲಂಡನ್ನಿನ ಚರ್ಚಿನ ನ್ಯಾಯಾಲಯವೊಂದು ತೀರ್ಪು ಕೊಟ್ಟು, ಆಗಿಹೋಗಿದ್ದ ಮದುವೆಯನ್ನೇ ಅಸಿಂಧುಗೊಳಿಸಿತ್ತು. ಆದ್ದರಿಂದ ಸುಳ್ಳನ್ನು ಹೆಣೆದ ಹ್ಯಾನಾಳ ಚಿಕ್ಕಮ್ಮ, ದೈವಭಕ್ತಿಯ ನೆಪ ಹೇಳಿ, ಹೆಸರು ಕೂಗಿಸುವ ದಾರಿಯನ್ನೇ ಹಿಡಿಯುತ್ತಾಳೆ. ಗಂಡಿನ ತಾಯಿಗೆ ಇದು ಸಹಿಸದು. "ನಮ್ಮ ಮನೆಯ ಮದುವೆಯನ್ನು ಹಾಲು ಕರೆಯುವವರ ಮದುವೆಯ ಹಾಗೆ ಕೂಗಿಸುತ್ತೀರಾ?" ಎಂದು ಆಕೆ ಕೇಳುತ್ತಾಳೆ. ಹುಟ್ಟು, ಅಂತಸ್ತು, ವಂಚನೆ ಮೂರೂ ಒಂದೇ ಮಾತಿನಲ್ಲಿ ಬಂದು ನಿಂತವು.

ಅದರ ಹಿಂದೆ ಇನ್ನೂ ಆಳವಾದ ಗುಂಡಿ ಇತ್ತು. ಊರವರು ಬಹುಕಾಲದಿಂದ ಕರೆಯುತ್ತ ಬಂದ ಹೆಸರಿನಲ್ಲಿ ಕೂಗಿಸಿದರೆ ಅಡ್ಡಿಯಿಲ್ಲ. ಆದರೆ ಮರೆಮಾಚುವುದಕ್ಕೆಂದೇ ಹೊಸದಾಗಿ ಇಟ್ಟುಕೊಂಡ ಹೆಸರಿನಲ್ಲಿ ಕೂಗಿಸಿದರೆ ಮದುವೆಯೇ ಅಸಿಂಧುವಾಗಬಹುದಿತ್ತು. ಮದುವೆ ಅಸಿಂಧುವಾದರೆ ಹ್ಯಾನಾಳಿಗೆ ಹುಟ್ಟುವ ಮಕ್ಕಳೂ ಅವಳಂತೆಯೇ ಯಾರ ಮಕ್ಕಳೂ ಅಲ್ಲದವರಾಗುತ್ತಾರೆ, ಮನೆತನದ ಬಿರುದಿಗೂ ಭೂಮಿಗೂ ವಾರಸುದಾರರಾಗುವುದಿಲ್ಲ. ತನ್ನ ಹುಟ್ಟಿನ ಕಳಂಕವನ್ನು ಮುಚ್ಚಲು ಆಡಿದ ಸುಳ್ಳು ಅದೇ ಕಳಂಕವನ್ನು ಇನ್ನೂ ಹುಟ್ಟದ ಮಗುವಿಗೆ ದಾಟಿಸುತ್ತದೆ. ಇದು ತಿಳಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅಲ್ಲಿಯವರೆಗೆ ಗುಟ್ಟನ್ನು ಬಯಲು ಮಾಡಲು ನಾನು ಒಬ್ಬ ಖಳನನ್ನು ಸಾಕಿಕೊಂಡಿದ್ದೆ. ಮರುದಿನ ಅವನನ್ನು ಕೈಬಿಟ್ಟೆ. ಮೂರನೆಯ ಭಾನುವಾರದ ಮೊದಲು ಹ್ಯಾನಾ ತಾನೇ ಬಾಯಿ ಬಿಡಬೇಕು.

ಆ ಕೂಗು ಹೇಗಿರುತ್ತದೆಂದು ನಾನು ಕಿವಿಯಾರೆ ಕೇಳಿದ್ದು ಮಂಗಳೂರಿನಲ್ಲಿ. ನಮ್ಮ ಚರ್ಚುಗಳಲ್ಲಿ ಈ ಪದ್ಧತಿ ಇಂದಿಗೂ ಇದೆ. ಸ್ನೇಹಿತರ ಮಗಳ ಹೆಸರನ್ನು, ಇಂಥವರ ಮಗಳು ಎಂಬ ಮಾತಿನ ಜೊತೆಗೆ, ಪಾದ್ರಿಗಳು ಓದಿದರು; ಮುಂದಿನ ಬೆಂಚಿನಲ್ಲಿದ್ದ ಆ ಹುಡುಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ತಲೆ ತಗ್ಗಿಸಿದಳು. ಅವಳದು ಬರಿಯ ನಾಚಿಕೆ. ಹ್ಯಾನಾ ಕೈಗವಸಿನ ಹೊಲಿಗೆಯನ್ನು ಉಗುರಿನಿಂದ ಬಿಚ್ಚುತ್ತ ಕೂರುವ ದೃಶ್ಯ ಹುಟ್ಟಿದ್ದು ಅಲ್ಲಿಂದಲೇ.

ಭಾಷೆಯ ತೊಡಕು ಬೇರೆಯೇ ಇತ್ತು. ಅಂದಿನ ಮರ್ಯಾದಸ್ಥರು ಇಂಥವಳನ್ನು 'ನ್ಯಾಚುರಲ್ ಡಾಟರ್' ಎನ್ನುತ್ತಿದ್ದರು. 'ಸಹಜಪುತ್ರಿ' ಎಂದರೆ ಕನ್ನಡದಲ್ಲಿ ಹೊಗಳಿಕೆಯಂತೆ ಕೇಳುತ್ತದೆ, 'ಅಕ್ರಮ ಸಂತಾನ' ಎಂದರೆ ಪತ್ರಿಕೆಯ ವರದಿಯಾಗುತ್ತದೆ. ಕೊನೆಗೆ ಒಂದೇ ಪದಕ್ಕೆ ಅಂಟಿಕೊಳ್ಳುವುದನ್ನು ಬಿಟ್ಟೆ. ವಕೀಲ 'ವಿವಾಹಬಾಹ್ಯ ಸಂತಾನ' ಎನ್ನುತ್ತಾನೆ, ಅಡುಗೆಮನೆಯ ಹೆಂಗಸು 'ಹಾದರದ ಕೂಸು' ಎನ್ನುತ್ತಾಳೆ, ತಾಯಿ ಮಾತ್ರ 'ನನ್ನ ಮಗಳು' ಎನ್ನುತ್ತಾಳೆ. ರಾಜಮನೆತನದವರಿಗೆ ಈ ಯಾವ ಮಾತೂ ತಗಲುತ್ತಿರಲಿಲ್ಲ. ಮೂರನೆಯ ಜಾರ್ಜನ ಮಗನಾದ ಕ್ಲಾರೆನ್ಸಿನ ಡ್ಯೂಕ್‌ಗೂ ನಟಿ ಡೊರೊಥಿಯಾ ಜೋರ್ಡನ್‌ಗೂ ಮದುವೆಯಿಲ್ಲದೆ ಹುಟ್ಟಿದ ಹತ್ತು ಮಕ್ಕಳು ಫಿಟ್ಸ್‌ಕ್ಲಾರೆನ್ಸ್ ಎಂಬ ಹೆಸರಿನಲ್ಲಿ ರಾಜಾರೋಷವಾಗಿ ಬದುಕಿದರು. ಆದರೆ ಆ ತಾಯಿ 1816ರ ಜುಲೈನಲ್ಲಿ ಫ್ರಾನ್ಸಿನಲ್ಲಿ, ಮಕ್ಕಳಿಂದ ದೂರದಲ್ಲಿ ಕಣ್ಣುಮುಚ್ಚಿದಳು. ನನ್ನ ಕಥೆಯ ಕಾಲವೂ ಅದೇ ಆದ್ದರಿಂದ, ಆ ಸುದ್ದಿಯನ್ನು ಚಹಾದ ಹೊತ್ತಿನ ಮಾತುಕತೆಯಲ್ಲಿ ತಂದು, ಹ್ಯಾನಾ ಅದನ್ನು ಕೇಳಿಸಿಕೊಳ್ಳುವಂತೆ ಮಾಡಿದೆ.

ಕನ್ನಡ ನನಗೆ ಕೊಟ್ಟ ದೊಡ್ಡ ಸಹಾಯವೆಂದರೆ 'ನೀವು' ಮತ್ತು 'ನೀನು'. ಸತ್ಯ ತಿಳಿದ ಮರುಕ್ಷಣ ಗಂಡಿನ ತಾಯಿ, ಅದುವರೆಗೆ "ನೀವು ಬೆಂಕಿಯ ಹತ್ತಿರ ಕುಳಿತುಕೊಳ್ಳಿ" ಎನ್ನುತ್ತಿದ್ದವಳು, "ನೀನು ಹೊರಡು" ಎನ್ನುತ್ತಾಳೆ. ಅದೇ ಸಂಜೆ ಮಗ ಮಳೆಯಲ್ಲಿ ನೆನೆದು ಬಂದು ಮೊದಲ ಬಾರಿಗೆ "ನೀನು" ಎನ್ನುತ್ತಾನೆ. ಒಂದೇ ಪದದಿಂದ ತಾಯಿ ಅವಳನ್ನು ಕೆಳಗಿಳಿಸಿದ್ದಾಳೆ, ಮಗ ಹತ್ತಿರ ಕರೆದಿದ್ದಾನೆ. ಈ ಎರಡು ಪುಟಗಳನ್ನು ಏಳು ಸಲ ತಿದ್ದಿದ್ದೇನೆ. (ಆ ಮಳೆ ಕೂಡ ನಿಜವಾದದ್ದು, 1815ರಲ್ಲಿ ತಂಬೋರಾ ಜ್ವಾಲಾಮುಖಿ ಸಿಡಿದ ಪರಿಣಾಮವಾಗಿ ಮರುವರ್ಷ ಇಂಗ್ಲೆಂಡಿನ ಬೇಸಿಗೆಯೆಲ್ಲ ಚಳಿಯಲ್ಲಿ, ಮಳೆಯಲ್ಲಿ ಕಳೆಯಿತು. ಬಿಸಿಲಿನ ವನಭೋಜನದ ಅಧ್ಯಾಯವೊಂದನ್ನು ನಾನು ಬಿಟ್ಟುಕೊಡಬೇಕಾಯಿತು.)

ಈಗಿನ ಕರಡಿನಲ್ಲಿ ಮೂರನೆಯ ಭಾನುವಾರ ಹೆಸರು ಕೂಗುವುದಿಲ್ಲ. ಒಂದು ತಿಂಗಳು ಕಳೆದ ಮೇಲೆ, ಅದೇ ಚರ್ಚಿನಲ್ಲಿ, ಹಾಲು ಕರೆಯುವವರೂ ಗಾಡಿ ಹೊಡೆಯುವವರೂ ತುಂಬಿರುವಾಗ, ಪಾದ್ರಿ ಮೊದಲಿನಿಂದ ಆರಂಭಿಸಿ, ಹ್ಯಾನಾಳ ಹೆಸರಿನ ಮುಂದೆ ಅವಳ ತಾಯಿಯ ಮನೆತನದ ಹೆಸರನ್ನು ಓದುತ್ತಾನೆ. ಹಿಂದಿನ ಬೆಂಚಿನಲ್ಲಿ ಆ ತಾಯಿ ಕುಳಿತಿದ್ದಾಳೆ.