ಹಳೆ ಪ್ಲಾಸ್ಮಾ ಇಟ್ಟುಕೊಳ್ಳೋದಾ, ಎಲ್‌ಸಿಡಿ ತಗೊಳ್ಳೋದಾ?

ತುಮಕೂರಿನಲ್ಲಿ ನನ್ನದು ಟಿವಿ ರಿಪೇರಿ ಅಂಗಡಿ. ಪ್ಲಾಸ್ಮಾ ಟಿವಿ ತಯಾರಿಕೆ ನಿಂತು ಹತ್ತು ವರ್ಷ ದಾಟಿತು. ಪ್ಯಾನಾಸೋನಿಕ್ 2013ರ ಕೊನೆಗೆ ನಿಲ್ಲಿಸಿತು, ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಅದರ ಮರುವರ್ಷ. ಆದರೂ ಜನ ಕೇಳುತ್ತಲೇ ಇರುತ್ತಾರೆ: "ಅಣ್ಣ, ಮನೇಲಿರೋ ಪ್ಲಾಸ್ಮಾ ರಿಪೇರಿ ಮಾಡಿಸ್ಲಾ, ಕೊಟ್ಟು ಹೊಸದು ತಗೊಳ್ಲಾ?" ಕೆಲವರಿಗೆ ಸೆಕೆಂಡ್ ಹ್ಯಾಂಡ್ ಪ್ಲಾಸ್ಮಾ ಅಗ್ಗಕ್ಕೆ ಸಿಕ್ಕಿರುತ್ತದೆ. ಎಲ್ಲರಿಗೂ ನಾನು ಮೊದಲು ಕೇಳುವುದು ಒಂದೇ. ನಿಮ್ಮ ಹಾಲ್‌ನಲ್ಲಿ ಬೆಳಕು ಹೇಗಿದೆ, ಟಿವಿ ಯಾವ ಹೊತ್ತಿನಲ್ಲಿ ಓಡುತ್ತದೆ?

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನೀವು ಯಾವಾಗಲೂ ಕೂರುವ ಜಾಗದಲ್ಲಿ ಕೂತು, ಟಿವಿ ಆಫ್ ಮಾಡಿ, ಪರದೆ ನೋಡಿ. ಕಿಟಕಿ, ಬಾಗಿಲು ಅದರಲ್ಲಿ ಕಾಣುತ್ತಿವೆಯಾ? ಪ್ಲಾಸ್ಮಾದ ಮುಂಭಾಗ ಗಾಜು. ಅದರ ಎದುರು ಕಿಟಕಿ ಇದ್ದರೆ ಹಗಲಲ್ಲಿ ಚಿತ್ರಕ್ಕಿಂತ ಕಿಟಕಿಯೇ ಜಾಸ್ತಿ ಕಾಣುತ್ತದೆ. ಪರದೆ ತುಂಬ ಬಿಳಿ ಬಂದಾಗ ಪ್ಲಾಸ್ಮಾ ತಾನಾಗಿಯೇ ಬೆಳಕು ತಗ್ಗಿಸಿಕೊಳ್ಳುತ್ತದೆ. ಹಗಲಿಗೆ ಎಲ್‌ಸಿಡಿಯೇ ಸರಿ.

ರಾತ್ರಿ ಲೈಟ್ ಆರಿಸಿ ಸಿನಿಮಾ ನೋಡುವವರ ಲೆಕ್ಕ ಬೇರೆ. ಪ್ಲಾಸ್ಮಾ ಪರದೆಯ ತುಂಬ ಸಣ್ಣ ಸಣ್ಣ ಗೂಡುಗಳಿವೆ, ಒಳಗೆ ನಿಯಾನ್ ಮತ್ತು ಕ್ಸೆನಾನ್ ಅನಿಲ. ಕರೆಂಟ್ ಹರಿದಾಗ ಅನಿಲದಿಂದ ಅತಿನೇರಳೆ ಕಿರಣ ಹೊರಟು ಗೂಡಿನೊಳಗಿನ ಫಾಸ್ಫರ್ ಎಂಬ ಹೊಳೆಯುವ ಪುಡಿಗೆ ಬಡಿಯುತ್ತದೆ, ಬಣ್ಣ ಹೊಳೆಯುತ್ತದೆ. ಪ್ರತಿ ಚುಕ್ಕೆಯೂ ತಾನೇ ಉರಿಯುತ್ತದೆ, ಕಪ್ಪು ಬೇಕಾದ ಕಡೆ ಹೆಚ್ಚುಕಡಿಮೆ ಆರಿರುತ್ತದೆ. ಎಲ್‌ಸಿಡಿಯಲ್ಲಿ ಹಿಂದೆ ದೀಪ ಉರಿಯುತ್ತಿರುತ್ತದೆ, ಮುಂದಿನ ಪದರ ಅದನ್ನು ಬೇಕಾದಷ್ಟು ತಡೆಯುತ್ತದೆ. ಪೂರ್ತಿ ತಡೆಯಲು ಆಗುವುದಿಲ್ಲ. ಅದಕ್ಕೇ ರಾತ್ರಿ ದೃಶ್ಯದಲ್ಲಿ ಕಪ್ಪು ಬೂದು ಬಣ್ಣಕ್ಕೆ ತಿರುಗುತ್ತದೆ. ಅಂದಹಾಗೆ, ಅಂಗಡಿಯಲ್ಲಿ ಎಲ್‌ಇಡಿ ಟಿವಿ, ಕ್ಯೂಎಲ್‌ಇಡಿ ಅಂತ ಮಾರುವುದೆಲ್ಲ ಎಲ್‌ಸಿಡಿಯೇ, ಹಿಂದಿನ ದೀಪ ಮಾತ್ರ ಬೇರೆ. ಪ್ಲಾಸ್ಮಾದ ಹಾಗೆ ತಾನೇ ಬೆಳಗುವುದು ಒಎಲ್‌ಇಡಿ. ಅದರ ಬೆಲೆ ಜಾಸ್ತಿ.

ಕ್ರಿಕೆಟ್‌ನಲ್ಲೂ ಪ್ಲಾಸ್ಮಾ ನನಗೆ ಬಹಳ ಇಷ್ಟ. ಚೆಂಡು ಬೌಂಡರಿ ಕಡೆ ಓಡುವಾಗ ಕ್ಯಾಮೆರಾ ಜೊತೆಗೇ ತಿರುಗುತ್ತದಲ್ಲ, ಆಗಲೂ ಹುಲ್ಲಿನ ಪಟ್ಟೆಗಳು ನಿಚ್ಚಳವಾಗಿ ಕಾಣುತ್ತವೆ. ಸಾಧಾರಣ 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ) ಎಲ್‌ಸಿಡಿಯಲ್ಲಿ ಅವು ಕಲಸಿಹೋಗುತ್ತವೆ. ಹಬ್ಬಕ್ಕೆ ಮನೆ ತುಂಬಿದಾಗ ಪಕ್ಕದ ಗೋಡೆಗೆ ಒರಗಿ ಕೂತವರಿಗೂ ಪ್ಲಾಸ್ಮಾದಲ್ಲಿ ಬಣ್ಣ ಕೆಡುವುದಿಲ್ಲ.

ಈಗ ಕರೆಂಟ್ ಬಿಲ್. 50 ಇಂಚಿನ ಪ್ಲಾಸ್ಮಾ 300 ವಾಟ್ ತಿನ್ನುತ್ತದೆ ಅಂದುಕೊಳ್ಳಿ. ದಿನಕ್ಕೆ 5 ಗಂಟೆ ಓಡಿದರೆ ತಿಂಗಳಿಗೆ 45 ಯೂನಿಟ್. ಅದೇ ಅಳತೆಯ ಎಲ್‌ಸಿಡಿ 100 ವಾಟ್ ಎಳೆದರೆ 15 ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಗಡಿಯಲ್ಲಿರುವ ಮನೆಗೆ ಈ 30 ಯೂನಿಟ್ ಸಣ್ಣದಲ್ಲ. ನಿಮ್ಮ ಟಿವಿಯ ವಾಟ್ ಹಿಂದಿನ ಸ್ಟಿಕ್ಕರ್‌ನಲ್ಲಿ ಇರುತ್ತದೆ, ಆದರೆ ಅದು ಸಾಮಾನ್ಯವಾಗಿ ಗರಿಷ್ಠ ಲೆಕ್ಕ.

ಬೆಳಿಗ್ಗೆಯಿಂದ ಸಂಜೆವರೆಗೆ ನ್ಯೂಸ್ ಚಾನೆಲ್ ಓಡುವ ಮನೆಗೆ ಪ್ಲಾಸ್ಮಾ ಬೇಡವೇ ಬೇಡ. ಚಾನೆಲ್ ಲೋಗೊ, ಕೆಳಗಿನ ಪಟ್ಟಿ ಒಂದೇ ಕಡೆ ಗಂಟೆಗಟ್ಟಲೆ ನಿಂತರೆ ಅಲ್ಲಿನ ಫಾಸ್ಫರ್ ಸವೆದು ಕಲೆ ಉಳಿಯುತ್ತದೆ. ಅದಕ್ಕೆ ರಿಪೇರಿ ಇಲ್ಲ.

ಸೆಕೆಂಡ್ ಹ್ಯಾಂಡ್ ಪ್ಲಾಸ್ಮಾ ನೋಡಲು ಹೋಗುವಾಗ ಒಂದು ಪೆನ್‌ಡ್ರೈವ್‌ನಲ್ಲಿ ಬರೀ ಬಿಳಿ, ಬರೀ ಬೂದು, ಬರೀ ಕೆಂಪು, ಬರೀ ಕಪ್ಪು ಚಿತ್ರ ಹಾಕಿಕೊಂಡು ಹೋಗಿ. ಬೂದು ಚಿತ್ರದಲ್ಲಿ ಮೇಲಿನ ಮೂಲೆ, ಕೆಳಗಿನ ಅಂಚು ಗಮನಿಸಿ. ಲೋಗೊದ ನೆರಳು ಕಂಡರೆ ಅರ್ಧ ಗಂಟೆ ಯಾವುದಾದರೂ ಸಿನಿಮಾ ಓಡಿಸಿ ಮತ್ತೆ ನೋಡಿ. ಮಾಸಿದ್ದರೆ ತೊಂದರೆ ಇಲ್ಲ, ಹಾಗೇ ಇದ್ದರೆ ಬಿಟ್ಟು ಬನ್ನಿ. ಕಪ್ಪು ಚಿತ್ರ ಹಾಕಿ ಲೈಟ್ ಆರಿಸಿ. ಚುಕ್ಕೆಗಳು ಮಿನುಗುತ್ತಿದ್ದರೆ ಪ್ಯಾನೆಲ್ ಅಥವಾ ಅದನ್ನು ಓಡಿಸುವ ಬೋರ್ಡ್ ಸುಸ್ತಾಗಿದೆ ಅಂತ. ಪವರ್ ಸಪ್ಲೈನಲ್ಲಿ ಕೆಪಾಸಿಟರ್ ಉಬ್ಬಿದ್ದರೆ ಬದಲಾಯಿಸಬಹುದು, ಖರ್ಚೂ ಕಮ್ಮಿ. ಪ್ಯಾನೆಲ್ ಓಡಿಸುವ ಬೋರ್ಡ್ ಹೋದರೆ ಹಳೆ ಸೆಟ್‌ನಿಂದ ಕಿತ್ತದ್ದನ್ನೇ ಹುಡುಕಬೇಕು. ಹಾಗಾಗಿ ಜಾಸ್ತಿ ದುಡ್ಡು ಕೊಟ್ಟು ಯಾರೂ ಪ್ಲಾಸ್ಮಾ ಕೊಳ್ಳಬಾರದು. ಸಾಗಿಸುವಾಗ ನಿಲ್ಲಿಸಿಯೇ ತನ್ನಿ, ಮಲಗಿಸಿದರೆ ಭಾರಕ್ಕೆ ಗಾಜು ಸೀಳಬಹುದು.

ಮನೆಯಲ್ಲಿರುವ ಪ್ಲಾಸ್ಮಾ ಚೆನ್ನಾಗಿದ್ದು, ರಾತ್ರಿ ಎರಡು ಮೂರು ಗಂಟೆ ಮಾತ್ರ ನೋಡುವುದಾದರೆ ದಯವಿಟ್ಟು ಕೊಡಬೇಡಿ. ಎಚ್‌ಡಿಎಂಐಗೆ ಒಂದು ಸ್ಟ್ರೀಮಿಂಗ್ ಸ್ಟಿಕ್ ಹಾಕಿದರೆ ಸಾಕು. 4ಕೆ ಇಲ್ಲ ಅಂತ ಕೊರಗಬೇಡಿ. ಒಂಬತ್ತು ಹತ್ತು ಅಡಿ ದೂರದಿಂದ 42 ಇಂಚಿನಲ್ಲಿ ಆ ವ್ಯತ್ಯಾಸ ಕಣ್ಣಿಗೆ ಸಿಗುವುದಿಲ್ಲ.

ಎಲ್‌ಸಿಡಿಯೇ ತೀರ್ಮಾನವಾದರೆ ಪ್ಯಾನೆಲ್ ಐಪಿಎಸ್ಸಾ, ವಿಎನಾ ಅಂತ ಕೇಳಿ, ಇವು ಎಲ್‌ಸಿಡಿ ಪರದೆಯ ಎರಡು ಬಗೆ. ನೇರ ಎದುರಿಗೆ ಕೂತು ನೋಡುವವರಿಗೆ ವಿಎ, ಅದರಲ್ಲಿ ಕಪ್ಪು ಗಾಢವಾಗಿರುತ್ತದೆ. ಪಕ್ಕಕ್ಕೆ ಕೂರುವವರು ಜಾಸ್ತಿ ಇದ್ದರೆ ಐಪಿಎಸ್. ಹಿಂದಿನ ದೀಪವನ್ನು ಭಾಗಭಾಗವಾಗಿ ಮಂಕು ಮಾಡುವ ಲೋಕಲ್ ಡಿಮ್ಮಿಂಗ್ ನಿಮ್ಮ ಬಜೆಟ್‌ನಲ್ಲಿ ಸಿಕ್ಕರೆ ಅದಕ್ಕೇ ದುಡ್ಡು ಹಾಕಿ, ಇಂಚು ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ. ಅಂಗಡಿಯಲ್ಲಿ ಟಿವಿ ಕಣ್ಣು ಕುಕ್ಕುವ ವಿವಿಡ್ ಮೋಡ್‌ನಲ್ಲಿ ಇರುತ್ತದೆ. ಸಿನಿಮಾ ಮೋಡ್‌ಗೆ ಹಾಕಿಸಿ ಆಮೇಲೆ ನೋಡಿ.

ಮನೆಗೆ ತಂದ ಮೇಲೆ ಬ್ಯಾಕ್‌ಲೈಟ್, ಅಂದರೆ ಆ ಹಿಂದಿನ ದೀಪ, 100ರಲ್ಲಿ ಬಿಡಬೇಡಿ. ಕಣ್ಣಿಗೆ ಹಿತವಾಗುವಷ್ಟಕ್ಕೆ ಇಳಿಸಿ, ಎಲ್‌ಇಡಿ ಪಟ್ಟಿ ಜಾಸ್ತಿ ದಿನ ಬರುತ್ತದೆ. ಮುಂದೆ ಎಂದಾದರೂ ಶಬ್ದ ಬಂದು ಚಿತ್ರ ಬರದೇ ಇದ್ದರೆ, ಕತ್ತಲಲ್ಲಿ ಪರದೆಗೆ ಹತ್ತಿರದಿಂದ ಟಾರ್ಚ್ ಬಿಡಿ. ಮಂಕಾಗಿ ಚಿತ್ರ ಕಂಡರೆ ಪ್ಯಾನೆಲ್ ಸರಿಯಿದೆ, ಹೋಗಿರುವುದು ಬ್ಯಾಕ್‌ಲೈಟ್. ಅದನ್ನು ಸರಿ ಮಾಡಬಹುದು, ಗುಜರಿಗೆ ಹಾಕಬೇಡಿ.