ಮೋರಿಗೆ ಹೋಗ್ತಿದ್ದ ಗಂಜಲ, ಹುಲ್ಲಿಗೆ ತಂದ ಯೂರಿಯಾ

ನಮ್ಮದು ಅರಸೀಕೆರೆ ಕಡೆ. ತೆಂಗಿನ ತೋಟದ ಪಕ್ಕ 20 ಗುಂಟೆ ಸೀಮೆಹುಲ್ಲು, ಕೊಟ್ಟಿಗೆಯಲ್ಲಿ ನಾಲ್ಕು ಮಿಶ್ರತಳಿ ಹಸು. ಮೊದಲೆಲ್ಲ ಪ್ರತಿ ಕೊಯ್ಲಿಗೂ ಯೂರಿಯಾ ಎರಚುತ್ತಿದ್ದೆ. 45 ಕೆಜಿ ಮೂಟೆ ಮುನ್ನೂರರ ಒಳಗೇ ಸಿಗುತ್ತದೆ, ಹುಲ್ಲು ವಾರದಲ್ಲೇ ಕಡು ಹಸಿರು, ಯಾರು ಬೇಡ ಅಂತಾರೆ?

ಒಂದು ಬೇಸಿಗೆ ನೀರು ಸಾಲದೆ ಹುಲ್ಲು ಬಾಡಿತ್ತು. ಮಳೆ ಬಿದ್ದಿದ್ದೇ ತಡ, ಮನೆಯಲ್ಲಿದ್ದ ಯೂರಿಯಾ ಪೂರ್ತಿ ಸುರಿದು ಹತ್ತೇ ದಿನಕ್ಕೆ ಕೊಯ್ದು ಹಾಕಿದೆ. ಸಂಜೆಗೆ ಗಬ್ಬದಲ್ಲಿದ್ದ ಹಸು ಏದುಸಿರು ಬಿಡುತ್ತಾ ನೆಲ ಹಿಡಿಯಿತು. ಡಾಕ್ಟರು ಬಂದು ವಸಡು ನೋಡಿದರು, ಚಾಕಲೇಟ್ ಬಣ್ಣ. "ಹುಲ್ಲಿಗೆ ಏನು ಹಾಕಿದ್ರಿ?" ಅಂತ ಕೇಳಿದರು. ಅತಿಯಾದ ಯೂರಿಯಾದಿಂದ ಎಳೆ ಹುಲ್ಲಿನಲ್ಲಿ ಸೇರಿಕೊಂಡ ನೈಟ್ರೇಟ್ ವಿಷ. ಮಿಥಿಲೀನ್ ಬ್ಲೂ ನರಕ್ಕೆ ಕೊಟ್ಟ ಮೇಲೆ ಎದ್ದಿತು, ಆದರೆ ಆ ವಾರದಲ್ಲೇ ಕಂದು ಹಾಕಿತು.

ಆಮೇಲೆ ಕಣ್ಣಿಗೆ ಬಿದ್ದಿದ್ದು ಮೋರಿ. ಕೊಟ್ಟಿಗೆ ತೊಳೆದ ನೀರು, ಗಂಜಲ ಎಲ್ಲ ಸುಮ್ನೆ ಬೇಲಿ ಕಡೆ ಹರಿದು ಹೋಗುತ್ತಿತ್ತು. ಗಂಜಲದಲ್ಲಿ ಇರೋದೂ ಯೂರಿಯಾನೇ ಅಲ್ವಾ! ಮೋರಿ ಕೊನೆಗೆ ಒಂದು ಸಿಮೆಂಟ್ ಗುಂಡಿ ಕಟ್ಟಿಸಿದೆ. ಮೊದಲ ಸಲ ಆತುರದಲ್ಲಿ ಬರೀ ಗಂಜಲವನ್ನೇ ಬುಡಕ್ಕೆ ಹುಯ್ದು ಎರಡು ಸಾಲು ಸುಟ್ಟುಕೊಂಡೆ. ಈಗ ಒಂದು ಬಿಂದಿಗೆ ಗಂಜಲಕ್ಕೆ ಎಂಟು ಹತ್ತು ಬಿಂದಿಗೆ ನೀರು, ಅದೂ ಕೊಯ್ದ ಮೂರು ನಾಲ್ಕು ದಿನದೊಳಗೆ, ಕೂಳೆ ಚಿಗುರೋ ಹೊತ್ತಿಗೆ. ಗಂಜಲವೂ ಅತಿಯಾದರೆ ಅದೇ ನೈಟ್ರೇಟ್ ಕಥೆ, ಸಾವಯವ ಅಂದ ಮಾತ್ರಕ್ಕೆ ಬಿಡುವುದಿಲ್ಲ. ಅದಕ್ಕೇ ಗಂಜಲ ಹಾಯಿಸಿದ ಮೇಲೆ 40 ದಿನ ಕುಡುಗೋಲು ಹಾಕುವುದಿಲ್ಲ. ತಿಪ್ಪೆ ಗೊಬ್ಬರ ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ.

ಸಾಲಿನ ಮಧ್ಯೆ ಅಲಸಂದೆ ಹಾಕಿದ್ದು ಇನ್ನೊಂದು ಪಾಠ. ಮೂರಡಿ ಸಾಲಿನಲ್ಲಿ ಹಾಕಿದೆ, ಸೀಮೆಹುಲ್ಲು ಎದ್ದು ನೆರಳು ಮಾಡಿ ಅದನ್ನು ಮುಗಿಸಿಬಿಟ್ಟಿತು. ಮೂರಕ್ಕೊಂದು ಸಾಲು ಕಿತ್ತು ಆರಡಿ ಜಾಗ ಮಾಡಿದ ಮೇಲೆ, ಕೊಯ್ದ ದಿನವೇ ಬಿತ್ತಿದರೆ ಎರಡೂ ಒಟ್ಟಿಗೆ ಕೊಯ್ಲಿಗೆ ಬರುತ್ತವೆ. ಸಾರಜನಕ ಹಿಡಿಯೋ ಬೇರಿನ ಗಂಟು ಮಣ್ಣಿಗೆ, ಸೊಪ್ಪು ಹಸುವಿಗೆ. ಬದುವಿನ ಮೇಲೆ ಅಗಸೆ, ಗ್ಲಿರಿಸಿಡಿಯಾ ಮರಗಳಿವೆ. ಅಗಸೆಗೆ ಹಸುಗಳು ಮುಗಿಬೀಳುತ್ತವೆ, ಗ್ಲಿರಿಸಿಡಿಯಾ ಹಸಿಯಾಗಿ ಮೂಸಿಯೂ ನೋಡವು, ರಾತ್ರಿ ಬಾಡಿಸಿಟ್ಟರೆ ಬೆಳಿಗ್ಗೆ ತಿನ್ನುತ್ತವೆ.

ಯೂರಿಯಾ ಬಿಟ್ಟ ಮೊದಲ ವರ್ಷ ಕಷ್ಟವಾಯಿತು, ಸುಳ್ಳು ಹೇಳಲ್ಲ. 40 ದಿನಕ್ಕೆ ಬರುತ್ತಿದ್ದ ಕೊಯ್ಲು 55ಕ್ಕೆ ಹೋಯಿತು, ಹುಲ್ಲು ತಿಳಿ ಹಸಿರು, ಪಕ್ಕದ ತೋಟದವರು ನೋಡಿ ನಕ್ಕರು, ಜಾಸ್ತಿ ದುಡ್ಡು ಕೊಟ್ಟು ರಾಗಿಹುಲ್ಲು ಕೊಂಡೆ. ಈಗ 45 ದಿನಕ್ಕೆ ಬಂದು ನಿಂತಿದೆ. ಮಳೆಗಾಲದಲ್ಲಿ ಗುಂಡಿ ತುಂಬಿ ಹರಿಯೋದಕ್ಕೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಸದ್ಯಕ್ಕೆ ಹೆಚ್ಚಿದ್ದನ್ನು ತೆಂಗಿನ ಬುಡಕ್ಕೆ ತಿರುಗಿಸುತ್ತಿದ್ದೇನೆ.