ಲೈನ್‌ಬ್ಯಾಕರ್ ಮಗನಿಗಾಗಿ ವಿಡಿಯೊ ನೋಡಲು ಕಲಿತದ್ದು

2016ರ ಆಗಸ್ಟ್‌ನಲ್ಲಿ, ಹತ್ತನೇ ತರಗತಿಯಲ್ಲಿದ್ದ ನನ್ನ ಮಗ ನಾರ್ತ್ ಕ್ಯಾರೊಲಿನಾದ ಷಾರ್ಲೆಟ್ ನಗರದ ಹೊರವಲಯದ ಹೈಸ್ಕೂಲೊಂದರ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಸೇರಿದಾಗ ಆ ಆಟದ ಬಗ್ಗೆ ನನಗೆ ತಿಳಿದಿದ್ದದ್ದು ಅತ್ಯಲ್ಪ. ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶಗಳಿರುತ್ತವೆ ಎಂಬುದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ನನ್ನ ಕಣ್ಣಿಗೆ ಬರೀ ನೂಕುನುಗ್ಗಲಾಗಿತ್ತು. ಅವನನ್ನು ರಕ್ಷಣಾ ವಿಭಾಗದಲ್ಲಿ ಮಧ್ಯದ ಲೈನ್‌ಬ್ಯಾಕರ್ ಆಗಿ, ಅಂದರೆ ಆಟಗಾರರು 'ಮೈಕ್' ಎಂದು ಕರೆಯುವ ಸ್ಥಾನದಲ್ಲಿ ನಿಲ್ಲಿಸಿದರು. ಎದುರಾಳಿ ತಂಡಗಳ ವಿಡಿಯೊವನ್ನು ತುಣುಕುಗಳಾಗಿ ಕತ್ತರಿಸಿ ಪ್ರತಿಯೊಂದಕ್ಕೂ ವಿವರ ತುಂಬಲು ಪೋಷಕರೊಬ್ಬರು ಬೇಕೆಂದು ಕೋಚ್ ಕೇಳಿದಾಗ, ಕಂಪ್ಯೂಟರ್ ಕೆಲಸದವನು ಎಂಬ ಏಕೈಕ ಅರ್ಹತೆಯ ಮೇಲೆ ನಾನು ಒಪ್ಪಿಕೊಂಡೆ. ಮೂರು ಸೀಸನ್ ಆ ಕೆಲಸ ಮಾಡಿದೆ.

ಮೊದಲ ತಿಂಗಳು ನಾನು ಎಲ್ಲರಂತೆ ಚೆಂಡನ್ನೇ ನೋಡುತ್ತಿದ್ದೆ. ಲೈನ್‌ಬ್ಯಾಕರ್ ಚೆಂಡನ್ನು ನೋಡುವುದಿಲ್ಲ. ಮುಂದಿನ ಸಾಲಿನ ತನ್ನವರಿಂದ ನಾಲ್ಕೈದು ಗಜ ಹಿಂದೆ ನಿಂತು ಅವನು ಎದುರಾಳಿಯ ಗಾರ್ಡ್‌ಗಳನ್ನು, ಅಂದರೆ ಚೆಂಡನ್ನು ಹಿಂದಕ್ಕೆ ಕೊಡುವ ಸೆಂಟರ್‌ನ ಎಡಬಲದಲ್ಲಿರುವ ದಢೂತಿ ಆಟಗಾರರನ್ನು ಗಮನಿಸುತ್ತಾನೆ. ಗಾರ್ಡ್‌ನ ಹೆಲ್ಮೆಟ್ ತಗ್ಗಿ ಮುಂದಕ್ಕೆ ನುಗ್ಗಿದರೆ ಹೆಚ್ಚಾಗಿ ಓಟ, ಮೇಲೆದ್ದು ಹಿಂದಕ್ಕೆ ಸರಿದರೆ ಪಾಸ್, ಅಂದರೆ ಚೆಂಡಿನ ಎಸೆತ. ಅವನು ತನ್ನ ಜಾಗ ಬಿಟ್ಟು ಪಕ್ಕಕ್ಕೆ ಓಡಿದರೆ ಚೆಂಡೂ ಸಾಮಾನ್ಯವಾಗಿ ಆ ಕಡೆಗೇ ಹೋಗುತ್ತದೆ. ಊರಿನಲ್ಲಿ ಕಬಡ್ಡಿ ಆಡುವಾಗ ದಾಳಿಗೆ ಬಂದವನ ಕೈಯನ್ನಲ್ಲ, ಸೊಂಟವನ್ನು ನೋಡು ಎಂದು ಹಿರಿಯರು ಹೇಳುತ್ತಿದ್ದುದು ನೆನಪಾಗಿ, ಇದು ನನಗೆ ಅಷ್ಟೇನೂ ಪರಕೀಯವಾಗಿ ಕಾಣಲಿಲ್ಲ.

ನಮ್ಮ ಪುಣ್ಯಕ್ಕೆ ಈ ವಿದ್ಯೆಯ ದೊಡ್ಡ ಮೇಷ್ಟರು ನಮ್ಮ ಊರಿನಲ್ಲೇ ಆಡುತ್ತಿದ್ದರು. ಕ್ಯಾರೊಲಿನಾ ಪ್ಯಾಂಥರ್ಸ್ ತಂಡ 2012ರಲ್ಲಿ, ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, ಒಂಬತ್ತನೇ ಆಯ್ಕೆಯಾಗಿ ಸೇರಿಸಿಕೊಂಡ ಲೂಕ್ ಕೀಕ್ಲಿ ಮೊದಲ ವರ್ಷವೇ ರಕ್ಷಣಾ ವಿಭಾಗದ ಅತ್ಯುತ್ತಮ ಹೊಸ ಆಟಗಾರನಾಗಿ, 2013ರಲ್ಲಿ ಇಡೀ ಲೀಗ್‌ನ ಅತ್ಯುತ್ತಮ ರಕ್ಷಣಾ ಆಟಗಾರನಾಗಿ ಪ್ರಶಸ್ತಿ ಪಡೆದಿದ್ದರು. ಪ್ರತಿ ಸಲ ಚೆಂಡು ಆಟಕ್ಕಿಳಿಯುವ ಮೊದಲೇ ಎದುರಾಳಿ ಏನು ಮಾಡಲಿದ್ದಾನೆಂದು ಕೂಗಿ ಹೇಳುವುದಕ್ಕೆ ಅವರು ಹೆಸರಾಗಿದ್ದರು. ಭಾನುವಾರ ಟಿವಿ ಮುಂದೆ ಕೂತು ನಾನೂ ಮಗನೂ 59ನೇ ನಂಬರಿನ ಆ ಒಬ್ಬರನ್ನೇ ನೋಡುತ್ತಿದ್ದೆವು. ಅವರು ಆಡುತ್ತಿದ್ದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ರಕ್ಷಣಾ ಆಟಗಾರನೊಬ್ಬನ ಹೆಲ್ಮೆಟ್‌ನಲ್ಲಿ ಕೋಚ್‌ನ ಮಾತು ಕೇಳಿಸುವ ರೇಡಿಯೊ ಇರುತ್ತದೆ. ಪ್ರತಿ ಸಲ ಚೆಂಡನ್ನು ಆಟಕ್ಕಿಳಿಸುವ ಗಡುವಿಗೆ ಹದಿನೈದು ಸೆಕೆಂಡ್ ಉಳಿದಾಗ ಅದು ಕಡಿದುಹೋಗುತ್ತದೆ. ಅಲ್ಲಿಂದ ಮುಂದೆ ಅವನ ನೆರವಿಗಿರುವುದು ಆ ವಾರವಿಡೀ ನೋಡಿದ ವಿಡಿಯೊ ಮಾತ್ರ. ಹೈಸ್ಕೂಲ್‌ನಲ್ಲಿ ಆ ರೇಡಿಯೊ ಕೂಡ ಇರಲಿಲ್ಲ.

ಆದ್ದರಿಂದ ನಾನು ತುಂಬುತ್ತಿದ್ದ ಕೋಷ್ಟಕಕ್ಕೆ ಬೆಲೆಯಿತ್ತು. ಎಷ್ಟನೆಯ ಅವಕಾಶ, ಎಷ್ಟು ಗಜ ಬಾಕಿ, ಚೆಂಡು ಮೈದಾನದ ಎಡಗೆರೆಯಲ್ಲಿತ್ತೋ ಬಲಗೆರೆಯಲ್ಲಿತ್ತೋ, ಯಾವ ವ್ಯೂಹ, ಕೊನೆಗೆ ಓಟವೋ ಪಾಸೋ, ಯಾವ ಕಡೆಗೆ ಎಂದು ಪ್ರತಿ ತುಣುಕಿಗೂ ಒಂದೊಂದು ಸಾಲು. ಹೈಸ್ಕೂಲ್ ಮೈದಾನದ ಅಗಲವನ್ನು ಆ ಎರಡು ಗೆರೆಗಳು ಮೂರು ಸಮಪಾಲು ಮಾಡುವುದರಿಂದ, ಚೆಂಡು ಒಂದು ಗೆರೆಯ ಮೇಲಿದ್ದರೆ ಇನ್ನೊಂದು ಬದಿಯಲ್ಲಿ ಒಟ್ಟು ಅಗಲದ ಮೂರನೇ ಎರಡು ಭಾಗ ತೆರೆದೇ ಇರುತ್ತದೆ. ಸಣ್ಣ ತಂಡಗಳು ಆ ಬಯಲಿನ ಕಡೆಗೇ ಓಡುತ್ತವೆ ಎಂದು ನಾನು ಭಾವಿಸಿದ್ದೆ. ಲೆಕ್ಕ ಹಾಕಿ ನೋಡಿದರೆ ಕೆಲವು ತಂಡಗಳಿಗೆ ಅಭ್ಯಾಸವೇ ಬೇರೆಯಿತ್ತು, ಅದನ್ನು ಊಹೆಯಿಂದ ಹೇಳಲು ಸಾಧ್ಯವೇ ಇರಲಿಲ್ಲ.

ಎರಡನೇ ಸೀಸನ್‌ನಲ್ಲಿ ನಾನೇ ಎಡವಟ್ಟು ಮಾಡಿದೆ. ಒಂದು ತಂಡದ ವಿಡಿಯೊದಲ್ಲಿ ಕೆಲವು ತುಣುಕುಗಳನ್ನು ದಾಳಿಯವರ ಬೆನ್ನ ಹಿಂದಿನಿಂದಲೂ ಉಳಿದವನ್ನು ರಕ್ಷಣೆಯವರ ಹಿಂದಿನಿಂದಲೂ ತೆಗೆದಿದ್ದರು. ಕ್ಯಾಮೆರಾದ ಜಾಗ ಬದಲಾದಾಗ ಎಡಬಲವೂ ಅದಲುಬದಲಾಗುತ್ತದೆ ಎಂಬುದನ್ನು ಮರೆತು, ರಾತ್ರಿ ಒಂದು ಗಂಟೆಯ ನಿದ್ದೆಗಣ್ಣಿನಲ್ಲಿ, ತೆರೆಯ ಮೇಲೆ ಕಂಡದ್ದನ್ನು ಕಂಡಂತೆಯೇ ತುಂಬಿದೆ. ಶುಕ್ರವಾರ ಸಂಜೆಯ ಪಂದ್ಯದಲ್ಲಿ ಮಗ ಎರಡು ಬಾರಿ ವ್ಯೂಹವನ್ನು ಸರಿಯಾಗಿ ಗುರುತಿಸಿ, ಪೂರ್ಣ ವಿಶ್ವಾಸದಿಂದ ಎಡಕ್ಕೆ ನುಗ್ಗಿದ. ಎರಡೂ ಬಾರಿ ಚೆಂಡು ಬಲಕ್ಕೆ ಹೋಗಿ, ಕೊನೆಯ ಗೆರೆ ದಾಟಿ ಎದುರಾಳಿಗೆ ಅಂಕ ತರುವ ಟಚ್‌ಡೌನ್ ಆಯಿತು. ಮೂರನೇ ಬಾರಿ ಅವನು ನನ್ನ ಅಂಕಿಅಂಶ ಬಿಟ್ಟು ಗಾರ್ಡ್‌ನ ಕಾಲನ್ನು ನಂಬಿದ. ಮನೆಗೆ ಬರುವಾಗ ಕಾರಿನಲ್ಲಿ, "ಅಪ್ಪ, ಆ ಎಡ ಯಾರ ಎಡ?" ಎಂದು ಮಾತ್ರ ಕೇಳಿದ. ಮರುದಿನದಿಂದ ಎಡಬಲವನ್ನು ಯಾವಾಗಲೂ ದಾಳಿ ತಂಡದ ಕಣ್ಣಿನಿಂದಲೇ ಬರೆಯುವ ನಿಯಮ ಮಾಡಿಕೊಂಡೆ. ಕೋಷ್ಟಕದ ತಲೆಯಲ್ಲಿ ಅದನ್ನು ಕೆಂಪಕ್ಷರದಲ್ಲಿ ಹಾಕಿದೆ.

ಈ ಸ್ಥಾನದ ಇನ್ನೊಂದು ಮುಖವನ್ನೂ ನಾವು ಕೀಕ್ಲಿಯವರಲ್ಲೇ ನೋಡಿದ್ದೆವು. 2015, 2016, 2017 ಮೂರೂ ವರ್ಷ ಅವರ ತಲೆಗೆ ಪೆಟ್ಟಾಗಿ ಮಿದುಳು ಕದಡಿತ್ತು. 2016ರ ನವೆಂಬರ್‌ನಲ್ಲಿ ಸೇಂಟ್ಸ್ ವಿರುದ್ಧದ ಪಂದ್ಯದಲ್ಲಿ ಅವರನ್ನು ಗಾಡಿಯ ಮೇಲೆ ಕರೆದೊಯ್ಯುವಾಗ ಅವರು ಅಳುತ್ತಿದ್ದುದನ್ನು ಟಿವಿಯಲ್ಲಿ ನೋಡಿದ ನನ್ನ ಹೆಂಡತಿ ಎದ್ದು ಒಳಗೆ ಹೋದಳು. ಮಗನಿಗೆ ಅಂಥದ್ದೇ ಪೆಟ್ಟು ಬಿದ್ದದ್ದು ಕೊನೆಯ ಸೀಸನ್‌ನಲ್ಲಿ. ರಾಜ್ಯದ 2011ರ ಕಾಯ್ದೆಯ ಪ್ರಕಾರ ಲಕ್ಷಣ ಕಂಡ ವಿದ್ಯಾರ್ಥಿ ಆ ದಿನ ಮತ್ತೆ ಆಡುವಂತಿಲ್ಲ, ಅರ್ಹ ವೈದ್ಯಕೀಯ ಸಿಬ್ಬಂದಿಯ ಲಿಖಿತ ಒಪ್ಪಿಗೆಯಿಲ್ಲದೆ ಮರಳುವಂತೆಯೂ ಇಲ್ಲ. ಮೂರು ವಾರ ಅವನು ಹೊರಗುಳಿದ.

ಪರದೆ ನೋಡಲು ಅನುಮತಿ ಸಿಕ್ಕ ಮೇಲೆ ಅವನು ನನ್ನ ಪಕ್ಕ ಕೂತು ಆ ಪಂದ್ಯದ ತುಣುಕನ್ನು ನಾಲ್ಕು ಸಲ ಹಿಂದೆಮುಂದೆ ಓಡಿಸಿ ನೋಡಿದ. ಗಾರ್ಡ್‌ನನ್ನು ಅವನು ಸರಿಯಾಗಿಯೇ ಓದಿದ್ದ, ಹೆಜ್ಜೆಯೂ ಸರಿಯಿತ್ತು. ಹಿಡಿಯುವ ಕ್ಷಣದಲ್ಲಿ ಮಾತ್ರ ಗಲ್ಲ ಎದೆಗೆ ತಗುಲಿ ಕಣ್ಣು ನೆಲ ನೋಡುತ್ತಿತ್ತು. ನಾನು ಆ ಸಾಲನ್ನು ಹಾಗೆಯೇ ದಾಟಿಸಲಿದ್ದೆ. ಅವನು ಕೀಬೋರ್ಡ್ ತನ್ನತ್ತ ಎಳೆದುಕೊಂಡು ಕೊನೆಯ ಖಾನೆಯಲ್ಲಿ ತನ್ನ ನಂಬರ್ ಹಾಕಿ, 'ತಲೆ ಕೆಳಗೆ' ಎಂದು ಬರೆದ.